ಸಂಜೆ 5ರ ನಂತರ ಉಳಿದ 20,40,000 ಡಾಲರ್: ಅಮೆರಿಕದ ಒಂದು ಸ್ಕೂಲ್ ಡಿಸ್ಟ್ರಿಕ್ಟ್‌ನ ಕೋವಿಡ್ ಅನುದಾನ ಪ್ರಕರಣ

2025ರ ಮಾರ್ಚ್ 28, ಶುಕ್ರವಾರ ಸಂಜೆ 5 ಗಂಟೆ 3 ನಿಮಿಷಕ್ಕೆ ಅಮೆರಿಕದ ಫೆಡರಲ್ ಶಿಕ್ಷಣ ಇಲಾಖೆಯಿಂದ ರಾಜ್ಯಗಳ ಶಿಕ್ಷಣ ಮುಖ್ಯಸ್ಥರಿಗೆ ಒಂದು ಪತ್ರ ಹೋಯಿತು. ಸಹಿ ಶಿಕ್ಷಣ ಕಾರ್ಯದರ್ಶಿ ಲಿಂಡಾ ಮೆಕ್‌ಮೆಹನ್ ಅವರದು. ಕೋವಿಡ್ ಶಾಲಾ ಅನುದಾನದ ಬಾಕಿ ಬಿಲ್‌ಗಳನ್ನು ಚುಕ್ತಾ ಮಾಡಲು 2026ರ ಮಾರ್ಚ್ 28ರವರೆಗೆ ಕೊಟ್ಟಿದ್ದ ಹೆಚ್ಚುವರಿ ಅವಧಿ ಆ ದಿನವೇ ಸಂಜೆ 5ಕ್ಕೆ ಮುಗಿದಿದೆ ಎಂದು ಅದರಲ್ಲಿತ್ತು. ಪತ್ರ ಕೈಸೇರುವಷ್ಟರಲ್ಲಿ ಗಡುವು ಮೂರು ನಿಮಿಷ ಹಿಂದೆ ಬಿದ್ದಿತ್ತು.

ಆ ಸಂಜೆ ಕಾಮಗಾರಿ ಅರ್ಧ ಮುಗಿಸಿ ನಿಂತಿದ್ದ ಒಂದು ಡಿಸ್ಟ್ರಿಕ್ಟ್‌ನ ಲೆಕ್ಕವನ್ನು ಇಲ್ಲಿ ಬಿಡಿಸಿದ್ದೇವೆ. ಡಿಸ್ಟ್ರಿಕ್ಟ್ ಮತ್ತು ಅದರ ಮೊತ್ತಗಳು ಲೆಕ್ಕ ತೋರಿಸಲೆಂದು ಕಟ್ಟಿದ ಮಾದರಿ. ನಿಯಮಗಳು, ಫೆಡರಲ್ ಗಡುವುಗಳು, ಇಲಾಖೆಯ ಪತ್ರ, ನ್ಯಾಯಾಲಯದ ಆದೇಶ ಎಲ್ಲವೂ ನಿಜವಾದವು. ಸ್ಕೂಲ್ ಡಿಸ್ಟ್ರಿಕ್ಟ್ ಎಂದರೆ ನಮ್ಮ ಕಂದಾಯ ಜಿಲ್ಲೆ ಅಲ್ಲ. ಬಹುತೇಕ ಕಡೆ ಅದು ತನ್ನದೇ ಚುನಾಯಿತ ಮಂಡಳಿ, ತನ್ನದೇ ಖಜಾನೆ ಇರುವ ಪ್ರತ್ಯೇಕ ಸಂಸ್ಥೆ. ಮೇಲಿನಿಂದ ಹಣ ಬರದಿದ್ದರೆ ಸಾಲ ಹೊರುವುದೂ ಅದೇ.

ಹಣ ಬಂದ ದಾರಿ

ಕೋವಿಡ್ ಕಾಲದಲ್ಲಿ ಅಮೆರಿಕದ ಶಾಲೆಗಳಿಗೆ ಮೂರು ಕಂತುಗಳಲ್ಲಿ ಸುಮಾರು 190 ಬಿಲಿಯನ್ ಡಾಲರ್ ಹೋಯಿತು. ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳ ತುರ್ತು ಪರಿಹಾರ ನಿಧಿ ಎಂಬುದರ ಇಂಗ್ಲಿಷ್ ಹೆಸರನ್ನು ಮೊಟಕುಗೊಳಿಸಿ ಕಚೇರಿಗಳಲ್ಲಿ ಎಲ್ಲರೂ ಅದನ್ನು ಎಸ್ಸರ್ ಎಂದೇ ಕರೆಯುತ್ತಾರೆ. ಮೂರನೆಯದು ದೊಡ್ಡ ಕಂತು: 2021ರ ಮಾರ್ಚ್ 11ರಂದು ಸಹಿಯಾದ ಅಮೆರಿಕನ್ ರೆಸ್ಕ್ಯೂ ಪ್ಲಾನ್ ಕಾಯ್ದೆಯಡಿ ಸುಮಾರು 122 ಬಿಲಿಯನ್. ರಾಜ್ಯಗಳು ಅದರಲ್ಲಿ ಕನಿಷ್ಠ ಶೇ. 90ನ್ನು ಟೈಟಲ್-1 (ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಕೊಡುವ ಫೆಡರಲ್ ನೆರವು) ಪಾಲಿನ ಅನುಪಾತದಲ್ಲಿ ಡಿಸ್ಟ್ರಿಕ್ಟ್‌ಗಳಿಗೆ ಹಂಚಬೇಕಿತ್ತು. ಡಿಸ್ಟ್ರಿಕ್ಟ್ ತನ್ನ ಪಾಲಿನಲ್ಲಿ ಕನಿಷ್ಠ ಶೇ. 20ನ್ನು ಕಲಿಕೆಯ ನಷ್ಟ ತುಂಬಲು ಮೀಸಲಿಡಬೇಕಿತ್ತು. ಉಳಿದದ್ದನ್ನು ಬಳಸಬಹುದಾದ ಕೆಲಸಗಳ ಪಟ್ಟಿಯಲ್ಲಿ ತರಗತಿಯ ಗಾಳಿಯ ಗುಣಮಟ್ಟ ಸುಧಾರಿಸುವುದು, ಅಂದರೆ ಹವಾನಿಯಂತ್ರಣ ಯಂತ್ರಗಳ ದುರಸ್ತಿ ಮತ್ತು ಬದಲಾವಣೆ, ಸ್ಪಷ್ಟವಾಗಿಯೇ ಇತ್ತು. ನಮ್ಮ ಡಿಸ್ಟ್ರಿಕ್ಟ್ ಮೂರು ಹಳೆಯ ಶಾಲೆಗಳಿಗೆ ತಲಾ ಒಂದು ಚಿಲ್ಲರ್ (ಕಟ್ಟಡ ತಂಪಾಗಿಸುವ ದೊಡ್ಡ ಯಂತ್ರ), ತಲಾ ಎರಡು ಗಾಳಿ ಘಟಕ ಹಾಕಿಸಲು 24,00,000 ಡಾಲರ್‌ಗೆ ಗುತ್ತಿಗೆ ಕೊಟ್ಟಿತ್ತು.

ಈ ಅನುದಾನಕ್ಕೆ ಎರಡು ಗಡುವು. ಇವೆರಡನ್ನು ಒಂದೇ ಎಂದು ತಿಳಿಯುವುದರಿಂದಲೇ ಅರ್ಧ ಅನಾಹುತಗಳು ಆಗುತ್ತವೆ. ಮೊದಲನೆಯದು ಬದ್ಧತೆಯ ಗಡುವು, 2024ರ ಸೆಪ್ಟೆಂಬರ್ 30. ಅಷ್ಟರೊಳಗೆ ಹಣ ಯಾವುದಕ್ಕೆಂದು ಕಟ್ಟುಬಿದ್ದಿರಬೇಕು. ಎರಡನೆಯದು ಚುಕ್ತಾ ಗಡುವು, ಅದರ ನಂತರದ 120 ದಿನ, ಅಂದರೆ 2025ರ ಜನವರಿ 28. ಚಿಲ್ಲರ್‌ನಂಥ ಯಂತ್ರಗಳು ತಿಂಗಳುಗಟ್ಟಲೆ ತಡವಾಗಿ ಬರುತ್ತಿದ್ದ ಕಾಲ ಅದು. ಆದ್ದರಿಂದ ರಾಜ್ಯ ಕೇಳಿಕೊಂಡರೆ ಇನ್ನೂ 14 ತಿಂಗಳು, 2026ರ ಮಾರ್ಚ್ 28ರವರೆಗೆ, ಇಲಾಖೆ ಕೊಡುತ್ತಿತ್ತು. ನಮ್ಮ ಡಿಸ್ಟ್ರಿಕ್ಟ್ ಕೆಲಸ ಮಾಡುತ್ತಿದ್ದದ್ದು ಆ ಒಪ್ಪಿಗೆಯ ಮೇಲೆ.

ಹಣ ಯಾವ ದಿನ ಕಟ್ಟುಬಿದ್ದಂತೆ ಎಂಬುದನ್ನು ಫೆಡರಲ್ ನಿಯಮಾವಳಿ (34 ಸಿಎಫ್‌ಆರ್ 76.707) ಖರ್ಚಿನ ಬಗೆಗೆ ತಕ್ಕಂತೆ ಹೇಳುತ್ತದೆ. ಸಾಮಾನು ಕೊಳ್ಳುವುದಾದರೆ, ಹೊರಗುತ್ತಿಗೆ ಸೇವೆಯಾದರೆ, ಬದ್ಧಗೊಳಿಸುವ ಲಿಖಿತ ಒಪ್ಪಂದವಾದ ದಿನ. ಸ್ವಂತ ನೌಕರರ ಸಂಬಳವಾದರೆ ಅವರು ಕೆಲಸ ಮಾಡಿದ ದಿನ. ಪ್ರಯಾಣವಾದರೆ ಪ್ರಯಾಣ ಮಾಡಿದ ದಿನ. ಬಾಡಿಗೆಯಾದರೆ ಬಳಸಿದ ದಿನ. ಹೀಗಾಗಿ ಸೆಪ್ಟೆಂಬರ್ 30ರ ನಂತರ ಎಸ್ಸರ್ ಹಣದಿಂದ ಒಬ್ಬ ಶಿಕ್ಷಕಿಯ ಅಕ್ಟೋಬರ್ ಸಂಬಳ ಕೊಡುವಂತಿಲ್ಲ, ಆದರೆ ಸೆಪ್ಟೆಂಬರ್‌ನಲ್ಲಿ ಸಹಿಯಾದ ಗುತ್ತಿಗೆಯ ಕೆಲಸ ಮುಂದುವರಿಸಬಹುದು.

ಇಲ್ಲೊಂದು ಸೂಕ್ಷ್ಮ ಇದೆ. ಮಂಡಳಿ ಸಭೆಯಲ್ಲಿ ಠರಾವು ಆದ ದಿನ ಒಪ್ಪಂದವಾದ ದಿನವಲ್ಲ. ಠರಾವು ಸೆಪ್ಟೆಂಬರ್ 24ಕ್ಕೆ ಆಗಿ, ಗುತ್ತಿಗೆದಾರ ಅಕ್ಟೋಬರ್ 2ಕ್ಕೆ ಸಹಿ ಹಾಕಿದ್ದರೆ 24 ಲಕ್ಷವೂ ಅನುದಾನದಿಂದ ಹೊರಗೆ. ನಮ್ಮ ಕಡತದಲ್ಲಿ ಠರಾವು ಸೆಪ್ಟೆಂಬರ್ 12ರದು, ಎರಡೂ ಕಡೆಯ ಸಹಿ ಸೆಪ್ಟೆಂಬರ್ 18ರದು. ಸಹಿಯ ಪಕ್ಕದಲ್ಲಿ ಕೈಬರಹದಲ್ಲಿ ತಾರೀಖು ಬರೆದಿದ್ದ ಆ ಒಂದು ಹಾಳೆ ಮುಂದಿನ ಒಂಬತ್ತು ತಿಂಗಳು ಡಿಸ್ಟ್ರಿಕ್ಟ್‌ನ್ನು ಕಾಪಾಡಿತು.

ಮಾರ್ಚ್ 28ರ ಸಂಜೆಯ ಲೆಕ್ಕ

ಹೆಚ್ಚಿನ ರಾಜ್ಯಗಳಲ್ಲಿ ಎಸ್ಸರ್ ಹಣ ಮುಂಗಡವಾಗಿ ಬರುತ್ತಿರಲಿಲ್ಲ. ಡಿಸ್ಟ್ರಿಕ್ಟ್ ಮೊದಲು ತನ್ನ ಖಜಾನೆಯಿಂದ ಕೊಡಬೇಕಿತ್ತು, ಆಮೇಲೆ ರಾಜ್ಯಕ್ಕೆ ಬಿಲ್ ಕಳಿಸಬೇಕಿತ್ತು, ರಾಜ್ಯ ಫೆಡರಲ್ ಖಾತೆಯಿಂದ ಎಳೆದು ಮರುಪಾವತಿ ಮಾಡಬೇಕಿತ್ತು. ಗುತ್ತಿಗೆದಾರನ ಪ್ರತಿ ಬಿಲ್ಲಿನಲ್ಲೂ ಶೇ. 10 ಹಿಡಿದಿಡುವ ಷರತ್ತು ಇತ್ತು. ನಮ್ಮ ಲೋಕೋಪಯೋಗಿ ಇಲಾಖೆಯ ಗುತ್ತಿಗೆಗಳಲ್ಲಿ ಬಿಲ್ಲಿನಿಂದ ಮುರಿದುಕೊಳ್ಳುವ ಭದ್ರತಾ ಠೇವಣಿಯಂಥದೇ.

ಮೊದಲ ಬಿಲ್ ಡಿಸೆಂಬರ್‌ನಲ್ಲಿ, 4,00,000 ಡಾಲರ್. 40,000 ಹಿಡಿದು 3,60,000 ಕೊಟ್ಟಾಗಿತ್ತು, ಜನವರಿ ಮಧ್ಯದಲ್ಲಿ ಅಷ್ಟೂ ಮರಳಿ ಬಂದಿತ್ತು. ಎರಡನೆಯದು ಫೆಬ್ರವರಿಯಲ್ಲಿ, 5,00,000. 50,000 ಹಿಡಿದು 4,50,000 ಕೊಟ್ಟಾಗಿತ್ತು. ಮಾರ್ಚ್ 14ರಂದು ರಾಜ್ಯಕ್ಕೆ ಅರ್ಜಿ ಹೋಗಿತ್ತು, ಹಣ ಬಂದಿರಲಿಲ್ಲ. ಮೂರನೆಯದು ಮಾರ್ಚ್ 24ರಂದು ಬಂತು, 3,00,000. 30,000 ಕಳೆದು 2,70,000 ಕೊಡಬೇಕಿತ್ತು, ಅದು ಇನ್ನೂ ಮೇಜಿನ ಮೇಲಿತ್ತು.

ಸೋಮವಾರ ಬೆಳಿಗ್ಗೆ ಸೂಪರಿಂಟೆಂಡೆಂಟ್ (ಡಿಸ್ಟ್ರಿಕ್ಟ್‌ನ ಮುಖ್ಯ ಆಡಳಿತಾಧಿಕಾರಿ) ಕೇಳಿದ ಮೊದಲ ಪ್ರಶ್ನೆ: ನಮಗೆಷ್ಟು ಪೆಟ್ಟು? ಲೆಕ್ಕ ವಿಭಾಗದಿಂದ ಬಂದ ಉತ್ತರ 4,50,000. ಅದು ತಪ್ಪು, ಮತ್ತು ಬಹಳ ಸಾಮಾನ್ಯವಾದ ತಪ್ಪು. ಅದು ಬರಬೇಕಾದ ಬಾಕಿ ಮಾತ್ರ. ಗುತ್ತಿಗೆದಾರನೊಂದಿಗೆ ಸಹಿ ಮಾಡಿದ್ದು ಡಿಸ್ಟ್ರಿಕ್ಟ್, ವಾಷಿಂಗ್ಟನ್ ಅಲ್ಲ. ಅನುದಾನ ನಿಂತರೂ ಗುತ್ತಿಗೆ ನಿಲ್ಲುವುದಿಲ್ಲ. ಆದ್ದರಿಂದ ಕೂಡಬೇಕಾದದ್ದು ನಾಲ್ಕು ಬಾಬತ್ತು: ಕೊಟ್ಟು ಮರಳದ 4,50,000, ಕೈಯಲ್ಲಿರುವ ಬಿಲ್ 2,70,000, ಮೂರು ಬಿಲ್ಲುಗಳಿಂದ ಹಿಡಿದಿಟ್ಟ 1,20,000, ಇನ್ನೂ ಆಗದ ಕೆಲಸ 12,00,000. ಒಟ್ಟು 20,40,000. 24 ಲಕ್ಷದಿಂದ ಬಂದ 3,60,000 ಕಳೆದರೂ ಇದೇ ಮೊತ್ತ. ಹೀಗೆ ಎರಡು ದಾರಿಯಿಂದ ತಾಳೆ ನೋಡದೆ ಮಂಡಳಿಯ ಮುಂದೆ ಅಂಕಿ ಇಡಬಾರದು.

ಹಿಡಿದಿಟ್ಟ ಹಣದ ವಿಷಯಕ್ಕೆ ಇನ್ನೊಂದು ಮಾತು. ಫೆಬ್ರವರಿ ಬಿಲ್ಲಿನ ಅರ್ಜಿಯ ಮೊದಲ ಕರಡಿನಲ್ಲಿ ಗುಮಾಸ್ತರು ಬಿಲ್ಲಿನ ಪೂರ್ತಿ ಮೊತ್ತ 5,00,000 ಬರೆದಿದ್ದರು. 2 ಸಿಎಫ್‌ಆರ್ 200.305 ಇದನ್ನು ಒಪ್ಪುವುದಿಲ್ಲ: ಗುತ್ತಿಗೆದಾರನಿಂದ ಹಿಡಿದಿಟ್ಟ ಹಣವನ್ನು ನಿಜವಾಗಿ ಅವನಿಗೆ ಕೊಟ್ಟ ಮೇಲಷ್ಟೇ ಫೆಡರಲ್ ಹಣ ಕೇಳಬಹುದು. ಕರಡು ಹಾಗೆಯೇ ಹೋಗಿದ್ದರೆ 50,000 ಡಾಲರ್ ಆಕ್ಷೇಪಣೆಯಾಗಿ ಆಡಿಟ್ ವರದಿಯಲ್ಲಿ ಬರುತ್ತಿತ್ತು. ಅಷ್ಟೇ ಅಲ್ಲ, ಇಡೀ ಅರ್ಜಿಯ ನಂಬಿಕೆಯೇ ಹೋಗುತ್ತಿತ್ತು.

ನಿಲ್ಲಿಸಬೇಕೆ, ಮುಂದುವರಿಸಬೇಕೆ

ಫೆಡರಲ್ ಹಣದಿಂದ ಮಾಡುವ 10,000 ಡಾಲರ್ ಮೀರಿದ ಗುತ್ತಿಗೆಗಳಲ್ಲಿ, ಡಿಸ್ಟ್ರಿಕ್ಟ್ ತನ್ನ ಅನುಕೂಲಕ್ಕಾಗಿ ಗುತ್ತಿಗೆ ಕೊನೆಗೊಳಿಸುವ ಷರತ್ತು ಇರಲೇಬೇಕು. ಇಲ್ಲೂ ಇತ್ತು. ಮಂಡಳಿಯ ಇಬ್ಬರು ಸದಸ್ಯರು ಆ ವಾರವೇ ನಿಲ್ಲಿಸಿಬಿಡಿ ಎಂದರು. ಹೆದರಿಕೆ ಸಹಜ. ಆದರೆ ಲೆಕ್ಕ ಬೇರೆಯೇ ಹೇಳುತ್ತಿತ್ತು.

ಗುತ್ತಿಗೆಯ ಬಾಬತ್ತುವಾರು ದರಪಟ್ಟಿಯಲ್ಲಿ ಯಂತ್ರಗಳಿಗೆ 13 ಲಕ್ಷ, ಅಳವಡಿಕೆಗೆ 7 ಲಕ್ಷ, ವಿದ್ಯುತ್ ಮತ್ತು ನಿಯಂತ್ರಣ ವ್ಯವಸ್ಥೆಗೆ 2.5 ಲಕ್ಷ, ಪರೀಕ್ಷೆ ಮತ್ತು ಚಾಲನೆಗೆ 1.5 ಲಕ್ಷ ಇತ್ತು. ಮಾರ್ಚ್ ವೇಳೆಗೆ ಯಂತ್ರಗಳಲ್ಲಿ 9 ಲಕ್ಷ, ಅಳವಡಿಕೆಯಲ್ಲಿ 3 ಲಕ್ಷ ಬಿಲ್ ಆಗಿತ್ತು. ಉಳಿದ 12 ಲಕ್ಷದಲ್ಲಿ 4 ಲಕ್ಷ ಕಾರ್ಖಾನೆಯಲ್ಲಿ ಆಗಲೇ ತಯಾರಾಗುತ್ತಿದ್ದ ಯಂತ್ರಗಳದು. ರದ್ದು ಮಾಡಿದರೂ ಅದು ತಪ್ಪುವುದಿಲ್ಲ. ಅಂದರೆ ನಿಲ್ಲಿಸಿದರೆ ಉಳಿಯುವುದು ಹೆಚ್ಚೆಂದರೆ 8 ಲಕ್ಷ, ಅದರಲ್ಲಿ ಗುತ್ತಿಗೆದಾರ ಜಾಗ ಖಾಲಿ ಮಾಡುವ ವೆಚ್ಚ ಕಳೆಯಬೇಕು. ಕೈಗೆ ಬರುವುದು ಗೋದಾಮಿನಲ್ಲಿ ಕೂತ ಮೂರು ಚಿಲ್ಲರ್. ಅದಕ್ಕಿಂತ ದೊಡ್ಡ ಸಂಗತಿ ಕ್ಯಾಲೆಂಡರ್: ಶಾಲೆಗಳ ಛಾವಣಿಯ ಮೇಲೆ ಕ್ರೇನ್ ನಿಲ್ಲಿಸಿ ಕೆಲಸ ಮಾಡಲು ಆಗುವುದು ಬೇಸಿಗೆ ರಜೆಯ ಜೂನ್ ಮಧ್ಯದಿಂದ ಆಗಸ್ಟ್‌ವರೆಗೆ. ಆ ಕಿಂಡಿ ತಪ್ಪಿದರೆ, ನಾಳೆ ಅನುದಾನ ಮರಳಿ ಬಂದರೂ ಖರ್ಚು ಮಾಡಲು ಸಮಯವೇ ಇರುವುದಿಲ್ಲ.

ಆದ್ದರಿಂದ ಮಂಡಳಿ ನಡುದಾರಿ ಹಿಡಿಯಿತು. ಯಂತ್ರಗಳನ್ನು ಪೂರ್ತಿ ತರಿಸುವುದು, ಎರಡು ಶಾಲೆಗಳ ಕೆಲಸವನ್ನು ರಜೆಯಲ್ಲಿ ಮುಗಿಸುವುದು, ಮೂರನೆಯ ಶಾಲೆಗೆ ಕೆಲಸ ಆರಂಭಿಸುವ ಸೂಚನಾಪತ್ರವನ್ನು ಜುಲೈ 1ರವರೆಗೆ ತಡೆಹಿಡಿಯುವುದು. ಜೂನ್ 30ರವರೆಗೆ ಸ್ಥಳೀಯ ಸಾಮಾನ್ಯ ನಿಧಿಯಿಂದ ಹೊರಹೋಗುವ ಹಣಕ್ಕೆ 11,00,000 ಡಾಲರ್ ಮಿತಿ. ಲೆಕ್ಕ ಹೀಗೆ: ಆಗಲೇ ಹೋದ 4,50,000, ಮೂರನೆಯ ಬಿಲ್ 2,70,000, ಉಳಿದ ಯಂತ್ರಗಳಿಗೆ ಶೇ. 10 ಕಳೆದು 3,60,000. ಒಟ್ಟು 10,80,000. ಠರಾವಿನಲ್ಲಿ ಒಂದು ವಾಕ್ಯವನ್ನು ಯೋಚಿಸಿ ಬರೆಯಲಾಯಿತು: ಈ ಹಣ ತಾತ್ಕಾಲಿಕ ನೆರವು, ಎಸ್ಸರ್ ಅನುದಾನ ಬಂದ ಕೂಡಲೇ ಸಾಮಾನ್ಯ ನಿಧಿಗೆ ಮರಳತಕ್ಕದ್ದು. ಈ ವಾಕ್ಯ ಇಲ್ಲದಿದ್ದರೆ ಡಿಸ್ಟ್ರಿಕ್ಟ್ ಆ ಖರ್ಚನ್ನು ತನ್ನದೇ ಎಂದು ಒಪ್ಪಿಕೊಂಡಂತೆ ಓದಲು ಅವಕಾಶವಾಗುತ್ತಿತ್ತು. ಜೂನ್ 30ರ ವರ್ಷಾಂತ್ಯದ ಲೆಕ್ಕದಲ್ಲಿ ಈ ಬಾಕಿಯನ್ನು ಆದಾಯವೆಂದು ತೋರಿಸಬಹುದೇ ಎಂಬುದು ಹಣ ಯಾವಾಗ ಕೈಸೇರುತ್ತದೆ ಎಂಬುದರ ಮೇಲೆ ನಿಂತಿದೆ. ಆಡಿಟರ್ ಜೊತೆ ಮೇ ತಿಂಗಳಲ್ಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಅರ್ಜಿ ಮತ್ತು ಕಡತ

ಮಾರ್ಚ್ 28ರ ಪತ್ರ ಒಂದು ಬಾಗಿಲು ತೆರೆದಿಟ್ಟಿತ್ತು. ಯೋಜನೆಗೊಂದರಂತೆ ಪ್ರತ್ಯೇಕವಾಗಿ ಅವಧಿ ವಿಸ್ತರಣೆ ಕೇಳಬಹುದು. ಆದರೆ ಎರಡು ಪ್ರಶ್ನೆಗೆ ಉತ್ತರಿಸಬೇಕು: ವಿದ್ಯಾರ್ಥಿಗಳ ಶಿಕ್ಷಣದ ಮೇಲೆ ಕೋವಿಡ್ ಬೀರಿದ ಪರಿಣಾಮ ತಗ್ಗಿಸಲು ಈ ಯೋಜನೆ ಯಾಕೆ ಅಗತ್ಯ, ಮತ್ತು ಇಲಾಖೆ ತನ್ನ ವಿವೇಚನೆಯನ್ನು ಇದಕ್ಕಾಗಿ ಯಾಕೆ ಬಳಸಬೇಕು.

ಇಲ್ಲಿ ಹಲವು ಕಚೇರಿಗಳು ಸಿಕ್ಕಿಬಿದ್ದದ್ದು ಉತ್ತರ ಗೊತ್ತಿಲ್ಲದೆ ಅಲ್ಲ. ಕಡತಗಳನ್ನು ಅನುದಾನದ ಹೆಸರಿನಲ್ಲಿ ಜೋಡಿಸಿದ್ದರು, ಕೇಳಿದ್ದು ಯೋಜನೆಯ ಹೆಸರಿನಲ್ಲಿ. ಎಸ್ಸರ್-3 ಎಂಬ ಒಂದೇ ದಪ್ಪ ಕಡತದಲ್ಲಿ ಸಂಬಳ, ಲ್ಯಾಪ್‌ಟಾಪ್, ಟ್ಯೂಷನ್ ಗುತ್ತಿಗೆ, ಚಿಲ್ಲರ್ ಎಲ್ಲವೂ ತಾರೀಖಿನ ಸಾಲಿನಲ್ಲಿ ಸೇರಿಕೊಂಡಿದ್ದರೆ ಒಂದು ಯೋಜನೆಯನ್ನು ಅದರಿಂದ ಬಿಡಿಸಿ ತೆಗೆಯಲು ವಾರಗಟ್ಟಲೆ ಬೇಕು. ಗುತ್ತಿಗೆಗೊಂದು ಕಡತ ಎಂಬ ಕ್ರಮವನ್ನು ಮೊದಲ ದಿನದಿಂದ ಪಾಲಿಸಬೇಕೆಂದು ನಾವು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಈ ಕಾಮಗಾರಿಯ ಕಡತದಲ್ಲಿ ಇರಬೇಕಿದ್ದದ್ದು ಇವು: ಕಟ್ಟಡ ಕೆಲಸಕ್ಕೆ ರಾಜ್ಯದ ಪೂರ್ವಾನುಮತಿ ಪತ್ರ, ಟೆಂಡರ್ ಜಾಹೀರಾತು ಮತ್ತು ತುಲನಾ ಪಟ್ಟಿ, ಗುತ್ತಿಗೆದಾರ ಫೆಡರಲ್ ಕಪ್ಪುಪಟ್ಟಿಯಲ್ಲಿ ಇಲ್ಲವೆಂದು ಸ್ಯಾಮ್ ಎಂಬ ಫೆಡರಲ್ ನೋಂದಣಿ ಜಾಲತಾಣದಲ್ಲಿ ನೋಡಿ ತಾರೀಖಿನೊಂದಿಗೆ ಮುದ್ರಿಸಿದ ಪುಟ, ಬಿಡ್ ಭದ್ರತೆ ಶೇ. 5, ಕಾರ್ಯನಿರ್ವಹಣೆ ಮತ್ತು ಪಾವತಿ ಬಾಂಡ್ (ಗುತ್ತಿಗೆದಾರ ಕೈಕೊಟ್ಟರೆ ಬಾಂಡ್ ಕಂಪನಿ ಹೊರುವ ಖಾತರಿ) ತಲಾ ಶೇ. 100, ಸಹಿಯಾದ ಗುತ್ತಿಗೆ, ಪ್ರತಿ ಬಿಲ್ಲಿಗೆ ದರಪಟ್ಟಿಯ ತಾಳೆ, ಚೆಕ್ ಪಾವತಿಯಾದ ದಾಖಲೆ. ಪ್ರತಿ ವೋಚರ್ ಮೇಲೆ 84.425ಯು ಎಂಬ ಅನುದಾನ ಸಂಖ್ಯೆ. ಎಸ್ಸರ್‌ನ ಮೊದಲೆರಡು ಕಂತುಗಳದ್ದು 84.425ಡಿ. ಕೊನೆಯ ಅಕ್ಷರ ತಪ್ಪಿದರೆ ಖರ್ಚು ಎಂದೋ ಮುಗಿದ ಕಂತಿಗೆ ಹೋಗಿ ಕೂರುತ್ತದೆ.

ಇವೆಲ್ಲ ಇದ್ದವು. ಇಲ್ಲದಿದ್ದದ್ದು ಐದು ವಾರಗಳ ಕೂಲಿ ಪಟ್ಟಿ.

ಎಸ್ಸರ್ ಹಣದಲ್ಲಿ ಮಾಡುವ 2,000 ಡಾಲರ್ ಮೀರಿದ ಕಟ್ಟಡ ಕೆಲಸಕ್ಕೆ ಡೇವಿಸ್-ಬೇಕನ್ ಕಾಯ್ದೆಯ ಕೂಲಿ ದರ ಅನ್ವಯಿಸುತ್ತದೆ. ಆ ಪ್ರದೇಶದಲ್ಲಿ ಆ ಕಸುಬಿಗೆ ನಿಗದಿಯಾದ ದರ ಕೊಡಬೇಕು. ಗುತ್ತಿಗೆದಾರ ಮತ್ತು ಉಪಗುತ್ತಿಗೆದಾರ ಪ್ರತಿ ವಾರ, ದೃಢೀಕರಿಸಿ ಸಹಿ ಮಾಡಿದ ಕೂಲಿ ಪಟ್ಟಿ ಕೊಡಬೇಕು. ಗಾಳಿ ಕೊಳವೆಯ ಕೆಲಸದ ಉಪಗುತ್ತಿಗೆದಾರ ಫೆಬ್ರವರಿಯಿಂದ ಪಟ್ಟಿ ಕಳಿಸಿರಲಿಲ್ಲ, ಡಿಸ್ಟ್ರಿಕ್ಟ್‌ನಲ್ಲಿ ಯಾರೂ ಕೇಳಿರಲೂ ಇಲ್ಲ. ತರಿಸಿ ನೋಡಿದಾಗ ಮೂವರು ಕೆಲಸಗಾರರನ್ನು ಸಾಮಾನ್ಯ ಕೂಲಿ ಎಂದು ತೋರಿಸಿತ್ತು. ಕೆಲಸದ ದಿನಚರಿಯಲ್ಲಿ ಅದೇ ಮೂವರು ತಗಡು ಕತ್ತರಿಸಿ ಕೊಳವೆ ಕೂಡಿಸುತ್ತಿದ್ದರು, ಅಂದರೆ ತಗಡು ಕಸುಬುದಾರರ ದರ. ವ್ಯತ್ಯಾಸ ಗಂಟೆಗೆ 11 ಡಾಲರ್. ಮೂವರು, ವಾರಕ್ಕೆ 40 ಗಂಟೆ, ಐದು ವಾರ: 600 ಗಂಟೆ, 6,600 ಡಾಲರ್. ಬಿಲ್ಲಿನ ಮುಂದೆ ಇದು ಸಣ್ಣ ಮೊತ್ತ. ಆದರೆ ಕೂಲಿ ಕಡಿಮೆ ಕೊಟ್ಟ ಕಾಮಗಾರಿಗೆ ಮರುಪಾವತಿ ಕೇಳುವ ಅರ್ಜಿ ಮೊದಲ ಪರಿಶೀಲನೆಯಲ್ಲೇ ಬೀಳುತ್ತದೆ, ಮೇಲಾಗಿ ಅದು ಆ ಮೂವರು ದುಡಿದ ಹಣ. ಬಾಕಿ ಕೂಲಿ ಕೊಡಿಸಿ, ತಿದ್ದಿದ ಪಟ್ಟಿ ಪಡೆದು, ಕೆಲಸಗಾರರ ರಸೀದಿ ಕಡತಕ್ಕೆ ಸೇರಿಸಿದ ಮೇಲೆಯೇ ಮೂರನೆಯ ಬಿಲ್ ಪಾಸಾಯಿತು.

ಇನ್ನೊಂದು ಎಡವು ತಪ್ಪಿದ್ದು ಸ್ವಲ್ಪದರಲ್ಲೇ. ಛಾವಣಿಯ ವಿದ್ಯುತ್ ಫಲಕ ಹಳೆಯದು, ಬದಲಿಸಬೇಕೆಂದು ಗುತ್ತಿಗೆದಾರ 85,000 ಡಾಲರ್‌ನ ಹೆಚ್ಚುವರಿ ಕೆಲಸದ ಪತ್ರ ಕೊಟ್ಟಿದ್ದ. ಸೆಪ್ಟೆಂಬರ್ 30ರ ನಂತರ ಮೂಲ ಗುತ್ತಿಗೆಯಲ್ಲಿಲ್ಲದ ಕೆಲಸ ಸೇರಿಸಿದರೆ ಅದು ಹೊಸ ಬದ್ಧತೆ, ಎಸ್ಸರ್ ಹಣಕ್ಕೆ ಸಲ್ಲದು. ಅನುದಾನದಲ್ಲಿ ಬೇರೆಡೆ ಹಣ ಉಳಿದಿದೆ ಎಂಬ ವಾದ ಇಲ್ಲಿ ನಡೆಯುವುದಿಲ್ಲ. 85,000ವನ್ನು ಕಟ್ಟಡ ನಿಧಿಗೆ ಬರೆದು, ಬೇರೆ ಪರ್ಚೇಸ್ ಆರ್ಡರ್, ಬೇರೆ ಬಿಲ್ ಮಾಡಲಾಯಿತು.

ಅರ್ಜಿಯ ಉತ್ತರದಲ್ಲಿ, ಶುದ್ಧ ಗಾಳಿ ಮಕ್ಕಳಿಗೆ ಒಳ್ಳೆಯದು ಎಂಬಂಥ ಮಾತು ಬರೆದರೆ ಯಾವ ಅಧಿಕಾರಿಗೂ ಹಿಡಿಯಲು ಏನೂ ಸಿಗುವುದಿಲ್ಲ. ಯಾವ ಶಾಲೆ, ಎಷ್ಟು ತರಗತಿ, ಯಾವ ಘಟಕ ಯಾವ ತಾರೀಖಿನಿಂದ ಕೆಟ್ಟು ನಿಂತಿದೆ, ಆ ಕೋಣೆಗಳ ಮಕ್ಕಳನ್ನು ಎಷ್ಟು ದಿನ ಬೇರೆಡೆ ಕೂರಿಸಬೇಕಾಯಿತು, ಅರ್ಧಕ್ಕೆ ನಿಂತರೆ ಬಳಸಲು ಬರುವುದು ಎಷ್ಟು ಎಂದು ಎರಡು ಪುಟದಲ್ಲಿ ಬರೆದು, ಪ್ರತಿ ವಾಕ್ಯಕ್ಕೂ ಕಡತದ ಪುಟ ಸಂಖ್ಯೆ ಹಾಕಿ ಕಳಿಸಲಾಯಿತು.

ಮೂರು ತಿಂಗಳ ಕಾಯುವಿಕೆ

ಏಪ್ರಿಲ್ 10ರಂದು 16 ರಾಜ್ಯಗಳು ಮತ್ತು ಡಿಸ್ಟ್ರಿಕ್ಟ್ ಆಫ್ ಕೊಲಂಬಿಯಾ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದವು. ಮೇ 6ರಂದು ನ್ಯಾಯಾಧೀಶ ಎಡ್ಗಾರ್ಡೊ ರಾಮೋಸ್ ಮಧ್ಯಂತರ ತಡೆಯಾಜ್ಞೆ ಕೊಟ್ಟರು. ಅದು ದಾವೆ ಹೂಡಿದ ರಾಜ್ಯಗಳಿಗೆ ಮಾತ್ರ. ನಮ್ಮ ಡಿಸ್ಟ್ರಿಕ್ಟ್ ಇದ್ದ ರಾಜ್ಯ ಅದರಲ್ಲಿರಲಿಲ್ಲ. ಗಡಿಯಾಚೆ ಅದೇ ಕಾಯ್ದೆ, ಅದೇ ಅನುದಾನ, ಅಂಥದೇ ಚಿಲ್ಲರ್‌ಗೆ ರಕ್ಷಣೆ ಸಿಕ್ಕಿತ್ತು, ಈಚೆ ಇಲ್ಲ. ಕಾನೂನಿನಲ್ಲಿ ಇದಕ್ಕೆ ವಿವರಣೆ ಇದೆ. ಶಾಲೆಯ ಮಕ್ಕಳಿಗೆ ಮಾತ್ರ ಇದು ಅನ್ಯಾಯವೇ. ಜೂನ್ ಅಂತ್ಯದಲ್ಲಿ ಇಲಾಖೆ ಎಲ್ಲ ರಾಜ್ಯಗಳಿಗೂ ಪಾವತಿ ಮತ್ತೆ ಆರಂಭಿಸುವುದಾಗಿ ತಿಳಿಸಿತು. ಜುಲೈ 1ರಂದು ಮೂರನೆಯ ಶಾಲೆಯ ಸೂಚನಾಪತ್ರ ಹೊರಟಿತು.

ಅಲ್ಲಿಂದ ಕೆಲಸ ಹಿಮ್ಮುಖ ಕ್ಯಾಲೆಂಡರ್‌ನದು. ಫೆಡರಲ್ ಗಡುವು 2026ರ ಮಾರ್ಚ್ 28 ಇದ್ದರೆ, ರಾಜ್ಯ ತನ್ನ ಪರಿಶೀಲನೆಗೆ ಸಮಯ ಬೇಕೆಂದು ಕೊನೆಯ ಅರ್ಜಿಯನ್ನು ಫೆಬ್ರವರಿ 13ಕ್ಕೇ ಕೇಳಿತು. ಅಷ್ಟರೊಳಗೆ ಹಿಡಿದಿಟ್ಟ ಶೇ. 10 ಸಹ ಗುತ್ತಿಗೆದಾರನ ಕೈಸೇರಿರಬೇಕು. ಆ ಹಣ ಬಿಡಲು ಉಪಗುತ್ತಿಗೆದಾರರ ಬಾಕಿಯಿಲ್ಲದ ಪತ್ರ, ಬಾಂಡ್ ಕಂಪನಿಯ ಒಪ್ಪಿಗೆ, ಗಾಳಿ ಹರಿವಿನ ಪರೀಕ್ಷಾ ವರದಿ ಮತ್ತು ಚಿಲ್ಲರ್‌ನ ಪೂರ್ಣ ಹೊರೆಯ ಪರೀಕ್ಷೆ ಬೇಕು.

ಕೊನೆಯದು ಕಷ್ಟದ್ದು. ಮೊದಲೆರಡು ಶಾಲೆಗಳ ಪರೀಕ್ಷೆ ಸೆಪ್ಟೆಂಬರ್ ಮೊದಲ ವಾರದ ಬಿಸಿಲಿನಲ್ಲಿ ಮುಗಿಯಿತು. ಮೂರನೆಯದರ ಅಳವಡಿಕೆ ಮುಗಿದಾಗ ಅಕ್ಟೋಬರ್ ಕೊನೆ. ಉತ್ತರದ ಚಳಿಯಲ್ಲಿ ಹೊರಗೆ 5 ಡಿಗ್ರಿ ಇರುವಾಗ ತಂಪು ಯಂತ್ರಕ್ಕೆ ಪೂರ್ಣ ಹೊರೆ ಎಲ್ಲಿಂದ ತರುವುದು? ಮುಂದಿನ ಮೇ ತಿಂಗಳವರೆಗೆ ಕಾಯಬೇಕು, ಗಡುವು ಮಾರ್ಚ್‌ಗೇ ಮುಗಿಯುತ್ತದೆ. ಆಗದ ಪರೀಕ್ಷೆಯನ್ನು ಆಗಿದೆ ಎಂದು ಸಹಿ ಮಾಡಿ ಹಣ ಎಳೆದುಕೊಳ್ಳುವ ಆಸೆ ಕಚೇರಿಗಳಿಗೆ ಬರುವುದು ಇಲ್ಲಿಯೇ. ಅದು ಸುಳ್ಳು ದೃಢೀಕರಣ, ಅದರ ಪರಿಣಾಮ ಮರುಪಾವತಿ ವಾಪಸ್ ಕೊಡುವುದಕ್ಕೇ ಮುಗಿಯುವುದಿಲ್ಲ.

ಬದಲಿಗೆ ಡಿಸ್ಟ್ರಿಕ್ಟ್ ಮೊತ್ತ ಹೆಚ್ಚಿಸದ ತಿದ್ದುಪಡಿಯೊಂದಕ್ಕೆ ಗುತ್ತಿಗೆದಾರನೊಂದಿಗೆ ಸಹಿ ಮಾಡಿತು. ಮೂರನೆಯ ಶಾಲೆಯ ಪಾಲು 8,00,000. ಅದರಲ್ಲಿ ಪೂರ್ಣ ಹೊರೆ ಪರೀಕ್ಷೆಯ ಬೆಲೆ 12,000 ಎಂದು ದರಪಟ್ಟಿಯಲ್ಲಿ ಬೇರ್ಪಡಿಸಿತು. ಮುಗಿದ ಕೆಲಸ 7,88,000. ಅದರಿಂದ ಹಿಡಿದಿಟ್ಟ 78,800ವನ್ನು ಜನವರಿಯಲ್ಲಿ ಬಿಡುಗಡೆ ಮಾಡಿತು. ಭದ್ರತೆಗೆ ಶೇ. 100ರ ಕಾರ್ಯನಿರ್ವಹಣೆ ಬಾಂಡ್ ಇನ್ನೂ ಜೀವಂತವಿತ್ತು, ಪರೀಕ್ಷೆ ಮುಗಿಯುವವರೆಗೆ ಅದನ್ನು ಬಿಡುವುದಿಲ್ಲವೆಂದು ತಿದ್ದುಪಡಿಯಲ್ಲೇ ಬರೆಯಲಾಯಿತು. ಫೆಬ್ರವರಿ 13ರ ಕೊನೆಯ ಅರ್ಜಿಯೊಂದಿಗೆ ಅನುದಾನದಿಂದ ಕೇಳಿದ ಒಟ್ಟು ಮೊತ್ತ 23,88,000 ಡಾಲರ್ ಆಯಿತು. ಉಳಿದ 12,000 ಮೇ ತಿಂಗಳ ಬಿಲ್ಲಿಗೆಂದು ಸ್ಥಳೀಯ ನಿಧಿಯಲ್ಲಿ ಎತ್ತಿಟ್ಟಿತು.